ಓಟದ ಕುದುರೆ ದಣಿದದ್ದು ಗೊತ್ತಾಗುವುದು ಹೇಗೆ?



ನಮ್ಮ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಜಾತ್ರೆಗೆ ಕುದುರೆಗಾಡಿಯ ಶರ್ಯತ್ತು ಇಡುವುದುಂಟು. ಅಲ್ಲಿ ಕುದುರೆ ತುಸು ಹಿಂದೆ ಬಿದ್ದರೆ ಸಾಕು, ‘ಮೈಗಳ್ಳತನ ಮಾಡ್ತದೆ’ ಎಂದು ಬಾರುಕೋಲು ಮೇಲೇಳುತ್ತದೆ. ಆದರೆ ಕುದುರೆ ಅಂಜಿ ಓಡುವ ಜಾತಿ. ಶಕ್ತಿ ತೀರಿದ ಮೇಲೂ ಏಟಿನ ಭಯಕ್ಕೆ ಓಡುತ್ತದೆ, ಓಡುತ್ತಲೇ ಬೀಳುತ್ತದೆ. ದಣಿವನ್ನು ಗುರುತಿಸಬೇಕಾದವರು ನಾವೇ.

ಮೊದಲು ಹೆಜ್ಜೆಯ ಸಪ್ಪಳ ಕೇಳಿ. ಒಂದೇ ತಾಳದಲ್ಲಿದ್ದದ್ದು ತಪ್ಪತೊಡಗುತ್ತದೆ. ಗೊರಸಿನ ತುದಿ ನೆಲಕ್ಕೆ ತಾಕಿ ಎಡವುತ್ತದೆ. ಹಿಂಗಾಲ ಲಾಳ ಮುಂಗಾಲ ಲಾಳಕ್ಕೆ ಬಡಿದು ಟಕ್ ಎನ್ನುತ್ತದೆ. ತಲೆ ಜೋಲುತ್ತದೆ. ಕೂಗಿದರೂ ಕಿವಿ ನಿಮ್ಮ ಕಡೆ ತಿರುಗುವುದಿಲ್ಲ. ಬೆವರಿದ್ದಕ್ಕೆ ಗಾಬರಿ ಬೇಡ. ಬಿಸಿಲಲ್ಲಿ ಓಡುವಾಗ ಬೆವರು ನಿಂತು, ಮೈ ಒಣಗಿ ಕಾದರೆ ಮಾತ್ರ ಅದು ಅಪಾಯ.

ನಿಲ್ಲಿಸಿದ ಮೇಲೆ ನಾಡಿ ನೋಡಿ. ಕೆಳದವಡೆಯ ಒಳಅಂಚಿನಲ್ಲಿ ಹುರಿಯಂಥ ರಕ್ತನಾಳ ಬೆರಳಿಗೆ ಸಿಗುತ್ತದೆ. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 30ರಿಂದ 40 ಬಡಿತ. ಅಂತರರಾಷ್ಟ್ರೀಯ ದೂರಸವಾರಿ ಪಂದ್ಯಗಳಲ್ಲಿ, ಗೊತ್ತುಪಡಿಸಿದ ವೇಳೆಯೊಳಗೆ ನಾಡಿ 64ಕ್ಕೆ ಇಳಿಯದ ಕುದುರೆಯನ್ನು ಮುಂದಕ್ಕೆ ಬಿಡುವುದೇ ಇಲ್ಲ. ನಮಗೂ ಅದೇ ಲೆಕ್ಕ ಇರಲಿ. ಕಾಲು ಗಂಟೆ ಬಿಟ್ಟು ಎಣಿಸಿ. 15 ಸೆಕೆಂಡಿನಲ್ಲಿ 16ಕ್ಕಿಂತ ಹೆಚ್ಚು ಬಡಿತ ಬಂದರೆ ಆ ದಿನ ಮತ್ತೆ ಹೂಡಬೇಡಿ, ಬಹುಮಾನ ಎಷ್ಟೇ ದೊಡ್ಡದಿರಲಿ. ವಸಡನ್ನೂ ಒತ್ತಿ ನೋಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನಲ್ಲಿ ಕೆಂಪಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು.

‘ಕಾದ ಕುದುರೆಗೆ ನೀರು ಕುಡಿಸಬಾರದು’ ಅಂತ ಹಿರಿಯರು ಹೇಳುತ್ತಿದ್ದರು. ಅದು ತಪ್ಪು ತಿಳಿವಳಿಕೆ, ಕುಡಿಯಲು ಬಿಡಿ. ಮೈಮೇಲೂ ತಣ್ಣೀರು ಸುರಿಯಿರಿ, ಉಸಿರು ಇಳಿಯುವವರೆಗೆ ಸುರಿಯುತ್ತಲೇ ಇರಿ. ಕೆಲವು ಕುದುರೆ ಸೊರಗಿದ್ದರೂ ನೀರು ಮುಟ್ಟುವುದಿಲ್ಲ. ಯಾಕೆ? ಕುದುರೆಯ ಬೆವರು ನಮ್ಮದಕ್ಕಿಂತ ಉಪ್ಪು. ನೀರಿನ ಜೊತೆಗೆ ಉಪ್ಪೂ ಹೋಗುವುದರಿಂದ ರಕ್ತದ ಉಪ್ಪಿನಂಶ ಏರುವುದಿಲ್ಲ, ಬಾಯಾರಿಕೆಯೂ ಹುಟ್ಟುವುದಿಲ್ಲ. 10 ಲೀಟರ್ ನೀರಿಗೆ ಸುಮಾರು 90 ಗ್ರಾಂ ಉಪ್ಪು ಕದಡಿ ಮೊದಲು ಮುಂದಿಡಿ, ಬಳಿಕ ಸಾದಾ ನೀರು.

ಪಕ್ಕೆಗಳು ಗುಂಡಿಗೆಯ ಬಡಿತದ ತಾಳಕ್ಕೇ ಅದುರುತ್ತಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ರಾತ್ರಿ ಮಲಗುವ ಮುಂಚೆ ಒಮ್ಮೆ ಲಾಯದ ಕಡೆ ಹೋಗಿ ಬನ್ನಿ. ಮೇವು ಹಾಗೇ ಉಳಿದಿದೆಯೇ? ತೊಡೆ ಕಲ್ಲಿನಂತೆ ಬಿಗಿದು ಕಾಲೆತ್ತಲು ಒಲ್ಲದೇ? ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆಯೇ? ಹಾಗಿದ್ದರೆ ನಡೆಸಾಡಿಸಿ ಸರಿಮಾಡಲು ಹೋಗಬೇಡಿ. ನಿಂತಲ್ಲೇ ನಿಲ್ಲಿಸಿ, ವೈದ್ಯರಿಗೆ ಆ ರಾತ್ರಿಯೇ ಹೇಳಿ ಕಳಿಸಿ.