ನಾಲ್ಕು ಗಾಲಿಯ ಬೈಕು: ವಿನೋದ ಮತ್ತು ವಿವೇಕ

ಮಹಾನಗರವಾಸಿಗಳ ಪಾಲಿಗೆ ರಜಾದಿನವೆಂಬುದು ದುರ್ಲಭವಾದ ವಸ್ತು. ವರ್ಷವಿಡೀ ರೈಲು, ಬಸ್ಸುಗಳ ನೂಕುನುಗ್ಗಲಿನಲ್ಲಿಯೂ ಕಛೇರಿಯ ಕಡತಗಳ ನಡುವೆಯೂ ದಣಿದ ಜೀವ ಎರಡು ದಿನದ ಬಿಡುವು ದೊರೆತೊಡನೆ ಬೆಟ್ಟವನ್ನೋ ಕಡಲತೀರವನ್ನೋ ಅರಸಿಕೊಂಡು ಹೊರಡುವುದು ಸಹಜ. ಹೀಗೆ ಹೊರಟ ಕುಟುಂಬಗಳಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಆಕರ್ಷಣೆ ಎದುರಾಗುತ್ತಿದೆ. ಲೋಣಾವಳದ ಸುತ್ತಲಿನ ವಿಹಾರಧಾಮಗಳಲ್ಲಿ, ಕೊಂಕಣದ ಕಡಲತೀರಗಳಲ್ಲಿ, ಮನಾಲಿಯ ಇಳಿಜಾರುಗಳಲ್ಲಿ, ಜೈಸಲ್ಮೇರಿನ ಮರಳುದಿಬ್ಬಗಳ ಮೇಲೆ, ಕೊಡಗಿನ ತೋಟಗಳ ಮಗ್ಗುಲಲ್ಲಿ, ಹೀಗೆ ಎಲ್ಲೆಲ್ಲಿಯೂ ದಪ್ಪ ಗಾಲಿಗಳ ಪುಟ್ಟ ವಾಹನಗಳು ಸಾಲಾಗಿ ನಿಂತು ಬಾಡಿಗೆಯ ಸವಾರರನ್ನು ಕೈಬೀಸಿ ಕರೆಯುತ್ತವೆ. ಇದಕ್ಕೆ ಕ್ವಾಡ್ ಬೈಕ್ ಎಂದೂ ಎ.ಟಿ.ವಿ. ಎಂದೂ ಹೆಸರು.

ನಾಲ್ಕು ಗಾಲಿಗಳಿರುವುದರಿಂದ ಇದು ಸ್ಕೂಟರಿಗಿಂತ ಸುಭದ್ರವೆಂಬ ಭಾವನೆ ನೋಡಿದವರ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ಸೈಕಲ್ಲನ್ನೂ ತುಳಿಯಲು ಬಾರದವರು ಇದನ್ನೇರಿ ಹೊರಡುತ್ತಾರೆ. ಹತ್ತು ವರ್ಷದ ಬಾಲಕನನ್ನು ಕೂರಿಸಿ ತಂದೆತಾಯಿಗಳು ಛಾಯಾಚಿತ್ರ ತೆಗೆಯುತ್ತಾರೆ. ಆದರೆ ಈ ಭಾವನೆ ನಿಜಕ್ಕೆ ದೂರವಾದುದು. ನಾಲ್ಕು ಗಾಲಿಯ ಬೈಕು ಏಕೆ ಮಗುಚುತ್ತದೆ, ಮಗುಚಿದಾಗ ದೇಹಕ್ಕೆ ಏನಾಗುತ್ತದೆ, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಲೇಸು.

ಹುಟ್ಟು ಮತ್ತು ಬೆಳವಣಿಗೆ

1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ಬಲೂನಿನಂತಹ ಮೂರು ಗಾಲಿಗಳುಳ್ಳ ವಾಹನವೊಂದನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಹಿಮ, ಮರಳು, ಕೆಸರುಗಳ ಮೇಲೆ ಸಲೀಸಾಗಿ ಓಡುತ್ತಿದ್ದ ಈ ವಾಹನ ಬೇಗನೆ ಜನಪ್ರಿಯವಾಯಿತು. 1982ರಲ್ಲಿ ಸುಜುಕಿ ಸಂಸ್ಥೆ ನಾಲ್ಕು ಗಾಲಿಯ ವಾಹನವನ್ನು ಹೊರತಂದಿತು. ಮೂರು ಗಾಲಿಯ ಬಂಡಿಗಳು ಮಗುಚಿ ಸಾವುನೋವುಗಳು ಹೆಚ್ಚಿದಾಗ ಅಮೆರಿಕದ ಸರ್ಕಾರ ಎಚ್ಚೆತ್ತುಕೊಂಡಿತು. 1988ರಲ್ಲಿ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ತಯಾರಕರು ಹೊಸ ಮೂರು ಗಾಲಿಯ ವಾಹನಗಳ ಮಾರಾಟವನ್ನು ಕೈಬಿಟ್ಟರು. ವಯಸ್ಕರಿಗಾಗಿ ತಯಾರಾದ ವಾಹನಗಳನ್ನು 16 ವರ್ಷದೊಳಗಿನವರಿಗೆಂದು ಮಾರಬಾರದೆಂಬ ಕಟ್ಟುಪಾಡೂ ಆಗಲೇ ಬಂದಿತು. ಉಳಿದುಕೊಂಡದ್ದು ನಾಲ್ಕು ಗಾಲಿಯ ವಾಹನ.

ಒಂದು ಗಾಲಿ ಹೆಚ್ಚಿದ ಮಾತ್ರಕ್ಕೆ ಅಪಾಯ ನೀಗಲಿಲ್ಲ. ಅಮೆರಿಕದಲ್ಲಿ ಇಂದಿಗೂ ಇಂತಹ ವಾಹನಗಳಿಂದ ವರ್ಷಕ್ಕೆ ನೂರಾರು ಜನ ಪ್ರಾಣ ಕಳೆದುಕೊಳ್ಳುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ರೈತರು ಕುರಿ ದನಗಳನ್ನು ಅಟ್ಟಲು, ಬೇಲಿ ನೋಡಿಬರಲು, ಔಷಧಿ ಸಿಂಪಡಿಸಲು ದಿನನಿತ್ಯ ಇದನ್ನೇ ಬಳಸುವರು. ಆಸ್ಟ್ರೇಲಿಯಾದಲ್ಲಿ 2011ರಿಂದ 2018ರವರೆಗಿನ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 16 ಜನ ಕ್ವಾಡ್ ಬೈಕಿನ ಅಪಘಾತಗಳಲ್ಲಿ ಮಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸಾವಿಗೆ ವಾಹನ ಮಗುಚಿದ್ದೇ ಕಾರಣ. ಇವರಲ್ಲಿ ಅನೇಕರು ವರ್ಷಗಟ್ಟಲೆ ಆ ವಾಹನವನ್ನು ನಡೆಸಿ ಪಳಗಿದವರೆಂಬುದನ್ನು ವಾಚಕರು ಗಮನಿಸಬೇಕು.

ಮಗುಚುವುದೇಕೆ?

ಯಾವುದೇ ವಾಹನ ಸ್ಥಿರವಾಗಿ ನಿಲ್ಲಬೇಕಾದರೆ ಅದರ ಗುರುತ್ವಕೇಂದ್ರ ನೆಲಕ್ಕೆ ಸಮೀಪವಿರಬೇಕು, ಗಾಲಿಗಳ ನಡುವಣ ಅಂತರ ಅಗಲವಾಗಿರಬೇಕು. ಕ್ವಾಡ್ ಬೈಕಿನಲ್ಲಿ ಇವೆರಡಕ್ಕೂ ಕೊರತೆ. ಕಲ್ಲು ಕೊರಕಲುಗಳನ್ನು ದಾಟಬೇಕಾದುದರಿಂದ ಅದರ ಒಡಲು ನೆಲದಿಂದ ಎತ್ತರದಲ್ಲಿದೆ. ಇಕ್ಕಟ್ಟಾದ ಜಾಡಿನಲ್ಲಿ ನುಸುಳಬೇಕಾದುದರಿಂದ ಅದರ ಅಗಲ ಕಿರಿದು. ಇದರ ಮೇಲೆ, ಕುದುರೆಯನ್ನೇರಿದಂತೆ, ಸವಾರ ಕೂರುತ್ತಾನೆ.

ವಾಹನದ ತೂಕ 300 ಕಿಲೋ, ಸವಾರನ ತೂಕ 70 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು ಭಾರದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಎಲ್ಲಕ್ಕಿಂತ ಮೇಲೆ ಕುಳಿತಿರುತ್ತದೆ. ಹಿಂದೆ ಅಷ್ಟೇ ತೂಕದ ಇನ್ನೊಬ್ಬರನ್ನು ಕೂರಿಸಿಕೊಂಡರೆ ಆ ಪಾಲು ಮೂರನೆಯ ಒಂದಕ್ಕೆ ಏರುತ್ತದೆ. ಕಾರಿನ ಲೆಕ್ಕ ಹೀಗಿಲ್ಲ. ಅಲ್ಲಿ ಪ್ರಯಾಣಿಕರು ಗಾಲಿಗಳ ನಡುವೆ ತಗ್ಗಿನಲ್ಲಿ ಕುಳಿತಿರುತ್ತಾರೆ, ವಾಹನದ ಭಾರವೂ ಹಲವು ಪಟ್ಟು ಹೆಚ್ಚು.

ಇನ್ನು ತಿರುವಿನ ವಿಚಾರ. ವಾಹನ ತಿರುಗುವಾಗ ಅದನ್ನು ಹೊರಕ್ಕೆ ಉರುಳಿಸುವ ಪ್ರಭಾವ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ 6 ಮೀಟರ್ ತ್ರಿಜ್ಯದ ತಿರುವನ್ನು ಹಾಯುವಾಗ ಅಡ್ಡಲಾಗಿ ಎಳೆಯುವ ಬಲ ವಾಹನದ ತೂಕದ ಅರ್ಧದಷ್ಟಾಗುತ್ತದೆ. ವೇಗ 25ಕ್ಕೆ ಏರಿದರೆ ಅದು ತೂಕದ ಐದರಲ್ಲಿ ನಾಲ್ಕು ಪಾಲಿಗೆ ಜಿಗಿಯುತ್ತದೆ. ಐದು ಕಿಲೋಮೀಟರಿನ ವ್ಯತ್ಯಾಸ ಸವಾರನ ಗಮನಕ್ಕೂ ಬರುವುದಿಲ್ಲ. ಆದರೆ ಕಿರಿದಾದ, ಎತ್ತರವಾದ ವಾಹನಕ್ಕೆ ಅದೇ ನಿರ್ಣಾಯಕವಾಗಬಲ್ಲದು.

ಮತ್ತೊಂದು ಸೂಕ್ಷ್ಮವಿದೆ. ಕಾರು ತಿರುಗುವಾಗ ಹೊರಗಿನ ಗಾಲಿ ಹೆಚ್ಚು, ಒಳಗಿನ ಗಾಲಿ ಕಡಿಮೆ ಸುತ್ತುವಂತೆ ಡಿಫರೆನ್ಶಿಯಲ್ ಎಂಬ ಯಂತ್ರಭಾಗ ನೋಡಿಕೊಳ್ಳುತ್ತದೆ. ಅನೇಕ ಕ್ವಾಡ್ ಬೈಕುಗಳಲ್ಲಿ ಹಿಂದಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿಯಲ್ಪಟ್ಟಿದ್ದು, ಒಂದೇ ಸಮನೆ ಸುತ್ತುತ್ತವೆ. ಮೆದುವಾದ ನೆಲದಲ್ಲಿ ಗಾಲಿ ಜಾರಿ ಹೊಂದಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಗಾಳಿ ಕಡಿಮೆಯಿರುವ ಆ ಮೆತ್ತನೆಯ ಟೈರುಗಳು ನೆಲವನ್ನು ಹಿಡಿಯುತ್ತ ಬಿಡುತ್ತ, ವಾಹನವನ್ನು ಅನಿರೀಕ್ಷಿತವಾಗಿ ಎಳೆದಾಡುತ್ತವೆ. ಆದುದರಿಂದಲೇ ಈ ವಾಹನ ಡಾಂಬರು ರಸ್ತೆಗೆ ತಕ್ಕುದಲ್ಲ.

ಇದನ್ನು ನಡೆಸುವ ಕ್ರಮವೂ ಬೇರೆ. ತಿರುವಿನಲ್ಲಿ ಒಳಮಗ್ಗುಲಿಗೆ ವಾಲುವುದು, ಏರಿನಲ್ಲಿ ಮುಂದಕ್ಕೆ ಬಾಗುವುದು, ಇಳಿತದಲ್ಲಿ ಹಿಂದಕ್ಕೆ ಸರಿಯುವುದು, ಹೀಗೆ ಸವಾರನು ತನ್ನ ದೇಹದ ಭಾರದಿಂದಲೇ ಸಮತೋಲವನ್ನು ಕಾಯಬೇಕು. ಉದ್ದನೆಯ ಆಸನವಿರುವುದು ಈ ಓಡಾಟಕ್ಕಾಗಿಯೇ ಹೊರತು ಇಬ್ಬರು ಕೂರಲೆಂದು ಅಲ್ಲ. ಹಿಂದೆ ಇನ್ನೊಬ್ಬರು ಕುಳಿತೊಡನೆ ಸವಾರನಿಗೆ ಅಲುಗಾಡಲು ಎಡೆಯಿರುವುದಿಲ್ಲ. ಇಬ್ಬರಿಗೆಂದೇ ತಯಾರಾದ ಮಾದರಿಗಳು ಬೇರೆ ಇವೆ. ಅವುಗಳ ಮೇಲೆ ತಯಾರಕರು ಹಾಗೆಂದು ನಮೂದಿಸಿರುತ್ತಾರೆ.

ದೇಹಕ್ಕೆ ಒದಗುವ ಹಾನಿ

ಮಗುಚಿದಾಗ ಸವಾರ ದೂರಕ್ಕೆ ಎಸೆಯಲ್ಪಟ್ಟರೆ ತಲೆ, ಕತ್ತು, ಬೆನ್ನುಹುರಿಗಳಿಗೆ ಪೆಟ್ಟು ಬೀಳುತ್ತದೆ. ವಾಹನದ ಅಡಿಯಲ್ಲಿ ಸಿಕ್ಕಿಕೊಂಡರೆ ಅಪಾಯ ಬೇರೆ ಬಗೆಯದು. ಮನುಷ್ಯ ಉಸಿರೆಳೆಯುವಾಗ ಪಕ್ಕೆಲುಬುಗಳು ಮೇಲೆದ್ದು ಎದೆಯ ಗೂಡು ಹಿಗ್ಗಬೇಕು. ಎದೆಯ ಮೇಲೆ ಕ್ವಿಂಟಾಲುಗಟ್ಟಲೆ ಭಾರ ಕುಳಿತಾಗ ಅದು ಹಿಗ್ಗಲಾರದು. ಮೂಳೆ ಮುರಿಯದಿದ್ದರೂ, ರಕ್ತ ಹರಿಯದಿದ್ದರೂ ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಪ್ರಾಣ ಹೋಗಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸಾವುಗಳನ್ನು ಪರಿಶೀಲಿಸಿದಾಗ, ಹೊಲಗಳಲ್ಲಿ ಮಡಿದ ಅನೇಕರ ಸಾವಿಗೆ ಇದೇ ಕಾರಣವೆಂದು ಕಂಡುಬಂದಿತು. ಭಾರವನ್ನು ಎತ್ತುವವರು ಹತ್ತಿರದಲ್ಲಿದ್ದಿದ್ದರೆ ಅವರಲ್ಲಿ ಹಲವರು ಬದುಕುತ್ತಿದ್ದರು.

ಈ ಅರಿವಿನಿಂದ ಅಲ್ಲಿ ಕಾನೂನು ಬದಲಾಯಿತು. 2019ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕ್ವಾಡ್ ಬೈಕುಗಳಿಗೆ ಕಡ್ಡಾಯವಾದ ಸುರಕ್ಷತಾ ಮಾನದಂಡವನ್ನು ಗೊತ್ತುಪಡಿಸಿತು. 2021ರ ಅಕ್ಟೋಬರಿನಿಂದ ಸಾಮಾನ್ಯ ಬಳಕೆಯ ಪ್ರತಿಯೊಂದು ಹೊಸ ವಾಹನಕ್ಕೂ ಸವಾರನ ಹಿಂದೆ ಕಮಾನಿನಂತಹ ರಕ್ಷಣಾ ಸಾಧನವಿರಬೇಕು. ವಾಹನ ಉರುಳಿದಾಗ ಅದರ ಪೂರ್ಣಭಾರ ಸವಾರನ ಮೇಲೆ ಬೀಳದಂತೆ ಅದು ಸ್ವಲ್ಪ ಎಡೆಯನ್ನು ಉಳಿಸುತ್ತದೆ. ಅಡ್ಡಲಾಗಿ ಸುಮಾರು 29 ಡಿಗ್ರಿ ಓರೆಯಾಗುವವರೆಗೂ ವಾಹನ ಎರಡು ಗಾಲಿಗಳ ಮೇಲೆ ಏಳಬಾರದೆಂಬುದು ಇನ್ನೊಂದು ವಿಧಿ. ಇದನ್ನೊಪ್ಪದೆ ಹೋಂಡಾ, ಯಮಹಾ ಮೊದಲಾದ ದೊಡ್ಡ ತಯಾರಕರು ಆ ದೇಶದ ಕ್ವಾಡ್ ಬೈಕ್ ಮಾರುಕಟ್ಟೆಯಿಂದಲೇ ಹೊರನಡೆದರು. ವಾಣಿಜ್ಯದ ನಷ್ಟಕ್ಕಿಂತ ಪ್ರಾಣದ ಬೆಲೆ ಹಿರಿದೆಂದು ಸರ್ಕಾರ ತನ್ನ ನಿಲುವನ್ನು ಬಿಡಲಿಲ್ಲ.

ಮಕ್ಕಳ ವಿಷಯ

ವಯಸ್ಕರ ವಾಹನವನ್ನು 16 ವರ್ಷದೊಳಗಿನವರು ನಡೆಸಬಾರದೆಂದು ತಯಾರಕರೇ ಅದರ ಮೇಲೆ ಎಚ್ಚರಿಕೆಯ ಪಟ್ಟಿ ಅಂಟಿಸುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ ಆ ವಯಸ್ಸಿನವರು ಯಾವ ಮಾದರಿಯನ್ನೂ ಏರಬಾರದೆಂದು ಸಲಹೆ ನೀಡಿದೆ. ಬಾಲಕನ ದೇಹದ ತೂಕ ವಾಹನದ ಸಮತೋಲವನ್ನು ತಿದ್ದಲು ಸಾಲದು. ಕೈಗಳು ಬ್ರೇಕನ್ನು ಬಲವಾಗಿ ಹಿಡಿಯಲಾರವು. ಅಪಾಯವನ್ನು ಮುಂಗಾಣುವ ಬುದ್ಧಿಯೂ ಇನ್ನೂ ಬಲಿತಿರುವುದಿಲ್ಲ. ಇನ್ನು ಚಿಕ್ಕ ಮಗುವನ್ನು ತಂದೆ ತನ್ನ ಮುಂದೆ ಕೂರಿಸಿಕೊಂಡು ಹೊರಡುವುದು ಅತ್ಯಂತ ಸಾಮಾನ್ಯವಾದ, ಅಷ್ಟೇ ಅಪಾಯಕರವಾದ ಅಭ್ಯಾಸ. ವಾಹನ ಮುಗ್ಗರಿಸಿದರೆ ಹ್ಯಾಂಡಲ್ಲಿಗೂ ತಂದೆಯ ಎದೆಗೂ ನಡುವೆ ಸಿಲುಕುವುದು ಮಗು.

ಸವಾರಿಗೆ ಮುನ್ನ

ಭಾರತದಲ್ಲಿ ವಿಹಾರಸ್ಥಳಗಳ ಕ್ವಾಡ್ ಬೈಕುಗಳಲ್ಲಿ ಬಹುಪಾಲು ನೋಂದಣಿ ಫಲಕವಿಲ್ಲದವು. ಆವರಣದೊಳಗಿನ ಜಾಡಿಗೆ ಮೀಸಲಾದವು. 2018ರಲ್ಲಿ ಪ್ರಕಟವಾದ ಭಾರತೀಯ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಈ ವಾಹನಗಳ ಸವಾರಿಗೂ ಸ್ಥಾನ ದೊರೆತಿದೆ. ಆದರೂ ಪ್ರತಿ ದಿಬ್ಬದ ಮೇಲೂ ಮೇಲ್ವಿಚಾರಕನೊಬ್ಬನನ್ನು ನಿರೀಕ್ಷಿಸಲಾಗದು. ಆದಕಾರಣ ಸವಾರರು ಕೆಳಗಿನ ಅಂಶಗಳನ್ನು ತಾವೇ ಪಾಲಿಸುವುದು ಕ್ಷೇಮ.

1. ಐ.ಎಸ್.ಐ. ಗುರುತಿನ, ತಲೆಗೆ ಸರಿಹೊಂದುವ ಹೆಲ್ಮೆಟ್ಟನ್ನು ಗಲ್ಲದ ಪಟ್ಟಿ ಬಿಗಿದು ಧರಿಸಬೇಕು. ಹೆಲ್ಮೆಟ್ ಕೊಡದ ಸ್ಥಳದಲ್ಲಿ ಸವಾರಿ ಬೇಡ.

2. ಪಾದ ಮುಚ್ಚುವ ಬೂಟು, ಉದ್ದನೆಯ ಷರಾಯಿ, ಕೈಗವಸು ಇರಲಿ. ಸೀರೆಯ ಸೆರಗು, ದುಪಟ್ಟಾ, ಬಿಚ್ಚಿದ ಜಡೆ ಗಾಲಿಗೂ ಸರಪಳಿಗೂ ಸಿಕ್ಕಿ ಕೊರಳಿಗೆ ಉರುಳಾಗಬಲ್ಲವು.

3. ಬ್ರೇಕು, ವೇಗದ ಗುಂಡಿ, ಎಂಜಿನ್ ನಿಲ್ಲಿಸುವ ಸ್ವಿಚ್ಚು ಎಲ್ಲೆಲ್ಲಿವೆಯೆಂದು ಸಮತಟ್ಟಾದ ಜಾಗದಲ್ಲಿ ನಿಂತೇ ಕಲಿತುಕೊಳ್ಳಬೇಕು. ಬ್ರೇಕು ಸಡಿಲವಾಗಿದ್ದರೆ, ನಾಲ್ಕು ಟೈರುಗಳಲ್ಲಿ ಗಾಳಿ ಸಮನಾಗಿಲ್ಲದಿದ್ದರೆ ವಾಹನವನ್ನು ಹಿಂತಿರುಗಿಸಬೇಕು.

4. ಒಂದು ಆಸನಕ್ಕೆ ಒಬ್ಬನೇ ಸವಾರ.

5. ಇಳಿಜಾರನ್ನು ಅಡ್ಡಲಾಗಿ ದಾಟಬಾರದು. ನೇರವಾಗಿ ಏರಬೇಕು, ನೇರವಾಗಿ ಇಳಿಯಬೇಕು. ಏರಿನ ನಡುವೆ ಎಂಜಿನ್ ನಿಂತರೆ ಅಲ್ಲಿಯೇ ತಿರುಗಿಸಲು ಹೋಗದೆ, ಬ್ರೇಕು ಹಿಡಿದು, ಮೇಲ್ಬದಿಯಿಂದ ಇಳಿದು ಸಹಾಯ ಕೇಳಬೇಕು.

6. ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು. ಪಂದ್ಯ ಕಟ್ಟುವುದು, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಚಿತ್ರ ತೆಗೆಯುವುದು ಸಲ್ಲದು. ಮದ್ಯಪಾನ ಮಾಡಿದವರು ಹತ್ತಿರ ಸುಳಿಯಲೂಬಾರದು.

ಕಾರಿನಂತೆ ಇದರಲ್ಲಿ ಸೀಟ್ ಬೆಲ್ಟ್ ಏಕಿಲ್ಲವೆಂದು ಕೆಲವರು ಕೇಳುವುದುಂಟು. ಸುತ್ತ ಕಂಬಿಗಳ ಪಂಜರವಿಲ್ಲದ ವಾಹನಕ್ಕೆ ಸವಾರನನ್ನು ಕಟ್ಟಿಹಾಕಿದರೆ ಅದು ಉರುಳುವಾಗ ಅವನೂ ಅದರಡಿಯಲ್ಲಿ ಉರುಳುತ್ತಾನೆ. ಪಂಜರವೂ ಅಕ್ಕಪಕ್ಕದ ಆಸನಗಳೂ ಇರುವ ಇನ್ನೊಂದು ಜಾತಿಯ ವಾಹನವಿದೆ. ಅದರಲ್ಲಿ ಬೆಲ್ಟನ್ನು ತಪ್ಪದೆ ಕಟ್ಟಿಕೊಳ್ಳಬೇಕು.

ಅಪಘಾತ ಒದಗಿದರೆ

ಸವಾರ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ ಮೊದಲ ಕೆಲಸ ಎಂಜಿನ್ ನಿಲ್ಲಿಸುವುದು. ಮರುಕ್ಷಣವೇ ನಾಲ್ಕಾರು ಕೈಗಳು ಸೇರಿ ಎದೆಯ ಮೇಲಿನ ಭಾರವನ್ನು ಎತ್ತುವುದು. ಇದಕ್ಕಾಗಿ ಯಾರ ಬರವನ್ನೂ ಕಾಯಬಾರದು. ಭಾರ ತೆಗೆದ ಮೇಲೆ ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು, ನೀರು ಕುಡಿಸಬಾರದು. ಕತ್ತು ಮತ್ತು ಬೆನ್ನು ಅಲುಗದಂತೆ ಮಲಗಿಸಿ, ರಕ್ತ ಸುರಿಯುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿಹಿಡಿದು, 112 ಅಥವಾ 108ಕ್ಕೆ ಕರೆಮಾಡಬೇಕು. ಹೊರಗೆ ಗಾಯವಿಲ್ಲದಿದ್ದರೂ ಹೊಟ್ಟೆನೋವು, ವಾಂತಿ, ಮಂಪರು ಕಂಡರೆ ಆಸ್ಪತ್ರೆಗೆ ಒಯ್ಯಲೇಬೇಕು. ಹ್ಯಾಂಡಲ್ಲಿನ ತಿವಿತದಿಂದ ಪಿತ್ತಕೋಶ, ಗುಲ್ಮಗಳು ಒಳಗೊಳಗೇ ಒಡೆದಿರಬಹುದು.

ವಿಮೆಯ ಮಾತು

ಸವಾರಿಗೆ ಮುಂಚೆ ಒಂದು ಕಾಗದಕ್ಕೆ ಸಹಿ ಪಡೆಯುವುದು ಅನೇಕ ಕಡೆ ರೂಢಿ. ಅದರಲ್ಲಿ ಏನು ಬರೆದಿದೆಯೆಂದು ಓದುವವರು ವಿರಳ. ಸಕಲ ಹೊಣೆಯೂ ಸವಾರನದೇ ಎಂಬ ಒಕ್ಕಣೆ ಅದರಲ್ಲಿರುವುದು ಸಾಮಾನ್ಯ. ಆರೋಗ್ಯವಿಮೆಯ ಪತ್ರಗಳಲ್ಲಿ ಸಾಹಸಕ್ರೀಡೆಯ ಬಗೆಗಿನ ಪ್ರಮಾಣಬದ್ಧ ಷರತ್ತು ವೃತ್ತಿಪರರಾಗಿ ಭಾಗವಹಿಸುವವರಿಗೆ ಸಂಬಂಧಿಸಿದ್ದು. ಆದರೆ ವೈಯಕ್ತಿಕ ಅಪಘಾತ ವಿಮೆಯ ಷರತ್ತುಗಳು ಪತ್ರದಿಂದ ಪತ್ರಕ್ಕೆ ಭಿನ್ನವಾಗಿರಬಹುದು. ಪ್ರವಾಸಕ್ಕೆ ಹೊರಡುವ ಮುನ್ನವೇ ತಮ್ಮ ಪತ್ರವನ್ನು ತೆಗೆದು ಓದಿಕೊಳ್ಳುವುದು, ನಾಮನಿರ್ದೇಶನ ಆಗಿದೆಯೇ ಎಂದು ನೋಡಿಕೊಳ್ಳುವುದು ದೂರದೃಷ್ಟಿಯ ಲಕ್ಷಣ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ಆಗಬಾರದು.

ಹುಟ್ಟೂರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಕನ್ನಡಿಗರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಊರಿನಲ್ಲಿ ಒಬ್ಬ ಹಾಸಿಗೆ ಹಿಡಿದರೆ ಅಣ್ಣತಮ್ಮಂದಿರು, ನೆರೆಹೊರೆಯವರು ಹೆಗಲು ಕೊಡುತ್ತಾರೆ. ನಗರದ ಎರಡು ಕೋಣೆಯ ಬಿಡಾರದಲ್ಲಿ ದುಡಿಯುವ ಕೈ ಒಂದೋ ಎರಡೋ. ಬೆನ್ನುಮೂಳೆ ಮುರಿದು ಆರು ತಿಂಗಳು ಮಲಗಿದರೆ ಮನೆಯ ಸಾಲದ ಕಂತು ನಿಲ್ಲುವುದಿಲ್ಲ, ಮಕ್ಕಳ ಶಾಲೆಯ ಶುಲ್ಕ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯ ವಿನೋದವನ್ನೇ ತೊರೆಯಬೇಕೆಂದಲ್ಲ. ತರಬೇತಿ ಪಡೆದ ಮಾರ್ಗದರ್ಶಿಯ ಸಮ್ಮುಖದಲ್ಲಿ, ಸಮತಟ್ಟಾದ ಜಾಡಿನಲ್ಲಿ, ಹೆಲ್ಮೆಟ್ ಧರಿಸಿ, ಒಬ್ಬನೇ ಕುಳಿತು, ನಿಧಾನವಾಗಿ ಸುತ್ತಿಬರುವ ವಯಸ್ಕನಿಗೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಇವುಗಳಲ್ಲಿ ಒಂದು ಅಂಶ ತಪ್ಪಿದರೂ ಹಣ ಹೋದರೆ ಹೋಗಲಿ ಎಂದು ವಾಹನದಿಂದ ಇಳಿದುಬರುವುದೇ ಜಾಣತನ. ಹಟ ಹಿಡಿದ ಮಗುವಿಗೆ ಇಂದು ಬೇಡವೆಂದು ಹೇಳಿದರೆ ಅದು ಒಂದು ಗಳಿಗೆ ಅತ್ತೀತು. ಹದಿನಾರು ತುಂಬಿದ ಮೇಲೆ ಏರಲು ಅದಕ್ಕೆ ಬೇಕಾದಷ್ಟು ಕಾಲವಿದೆ. ರಜೆಗೆ ಹೊರಟ ಕುಟುಂಬ ಹೋದಷ್ಟೇ ಮಂದಿ ನಗುನಗುತ್ತ ಮನೆಗೆ ಮರಳಲಿ ಎಂಬುದೇ ಎಲ್ಲರ ಹಾರೈಕೆ.