ಋಣಮುಕ್ತಿಯ ಲೆಕ್ಕ

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿರುವ ಹಲಸೂರು ಬಹು ಹಳೆಯ ಊರು. ಇಲ್ಲಿಯ ಸೋಮೇಶ್ವರ ದೇವಾಲಯವು ದಂಡು ಪ್ರದೇಶಕ್ಕಿಂತಲೂ ಪ್ರಾಚೀನವಾದುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ಸೈನ್ಯವು ಈ ಸುತ್ತಿನಲ್ಲಿ ಬೀಡುಬಿಟ್ಟಾಗ, ಅದಕ್ಕೆ ಬೇಕಾದ ಬಟ್ಟೆಬರೆ, ದವಸಧಾನ್ಯ, ತರಕಾರಿಗಳನ್ನು ಒದಗಿಸುವ ವ್ಯಾಪಾರಿಗಳೂ ದರ್ಜಿಗಳೂ ಕುಶಲಕರ್ಮಿಗಳೂ ಇಲ್ಲಿಗೆ ಬಂದು ನೆಲೆಸಿದರು. ಸೈನ್ಯದ ಕಾಲ ಕಳೆಯಿತು. 1949ರಲ್ಲಿ ದಂಡು ಪ್ರದೇಶವು ನಗರದೊಡನೆ ಒಂದಾಯಿತು. 2011ರಲ್ಲಿ ಮೆಟ್ರೊ ರೈಲು ಕೂಡ ಹಲಸೂರಿಗೆ ಬಂದಿತು. ಆದರೂ ದಿನದ ದುಡಿಮೆಯಿಂದ ದಿನದ ಅನ್ನವನ್ನು ಗಳಿಸುವ ಜನ ಇಲ್ಲಿಯ ಮಾರುಕಟ್ಟೆಯ ಆಸುಪಾಸಿನಲ್ಲಿ ಇಂದಿಗೂ ಇದ್ದಾರೆ.

ಇಂಥ ಕುಟುಂಬಗಳ ಕಷ್ಟಕ್ಕೆ ಒಂದು ವಿಶಿಷ್ಟ ಕಾರಣವುಂಟು. ಅವರ ವರಮಾನ ಹನಿಹನಿಯಾಗಿ ಬರುತ್ತದೆ. ವೆಚ್ಚವಾದರೋ ಹಲವು ವೇಳೆ ಹೊಳೆಯಂತೆ ಬರುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳು, ಮಳೆಗಾಲದಲ್ಲಿ ಸೋರುವ ಸೂರು, ಮನೆಯಲ್ಲಿ ಮದುವೆ, ಹಠಾತ್ತನೆ ಬಂದ ಕಾಯಿಲೆ, ಇವು ಯಾವುವೂ ಕೈಯಲ್ಲಿ ಹಣ ಕೂಡುವ ತನಕ ಕಾಯುವುದಿಲ್ಲ. ಆಗ ಸಾಲವು ಅನಿವಾರ್ಯವಾಗುತ್ತದೆ. ಆದ್ದರಿಂದ ಸಾಲ ಮಾಡಿದವರೆಲ್ಲರೂ ದುಂದುಗಾರರೆಂದು ತಿಳಿಯುವುದು ತಪ್ಪು. ಹೊಲಿಗೆ ಯಂತ್ರ ಕೊಳ್ಳಲು ತಂದ ಸಾಲ ಗಳಿಕೆಯನ್ನು ಹೆಚ್ಚಿಸಿ ತನ್ನನ್ನು ತಾನೇ ತೀರಿಸಿಕೊಳ್ಳಬಲ್ಲುದು. ಹಳೆಯ ಸಾಲದ ಬಡ್ಡಿಯನ್ನು ಕಟ್ಟುವುದಕ್ಕಾಗಿ ಹೊಸ ಸಾಲವನ್ನು ಎತ್ತುವ ಸ್ಥಿತಿ ಬಂದಾಗ ಮಾತ್ರ ಸಾಲವು ಉಪಕಾರಿಯಾಗಿ ಉಳಿಯದೆ ಯಜಮಾನನಾಗುತ್ತದೆ.

ಬಡ್ಡಿಯ ಲೆಕ್ಕ ಹಲವರಿಗೆ ತಿಳಿಯದಿರುವುದೂ ಈ ಸ್ಥಿತಿಗೆ ಒಂದು ಕಾರಣ. ಪೇಟೆಗಳಲ್ಲಿ ಪ್ರಚಾರದಲ್ಲಿರುವ ದಿನಗಂತಿನ ಸಾಲವನ್ನೇ ನೋಡಬಹುದು. ಹತ್ತು ಸಾವಿರ ರೂಪಾಯಿಗಳ ಸಾಲವೆಂದು ಹೇಳಿ, 1,500 ರೂಪಾಯಿಗಳನ್ನು ಮೊದಲೇ ಮುರಿದುಕೊಂಡು, 8,500 ರೂಪಾಯಿಗಳನ್ನು ಕೈಗೆ ಕೊಡುತ್ತಾರೆನ್ನೋಣ. ದಿನಕ್ಕೆ 100 ರೂಪಾಯಿಯಂತೆ ನೂರು ದಿನ ಕಟ್ಟಿದರೆ ಸಾಲ ತೀರುತ್ತದೆ. ಮೇಲುನೋಟಕ್ಕೆ ಇದು ನೂರಕ್ಕೆ ಹದಿನೈದರ ಬಡ್ಡಿಯಂತೆ ಕಾಣುತ್ತದೆ. ಆದರೆ ಆ 8,500 ರೂಪಾಯಿ ನೂರು ದಿನವೂ ಸಾಲಗಾರನ ಬಳಿ ಇರುವುದಿಲ್ಲ. ದಿನದಿನಕ್ಕೂ ಕರಗುತ್ತ ಹೋಗುತ್ತದೆ. ಸರಾಸರಿ ಅದರ ಅರ್ಧದಷ್ಟು, ಎಂದರೆ ಸುಮಾರು 4,250 ರೂಪಾಯಿ ಮಾತ್ರ ಅವನ ಬಳಕೆಗೆ ಒದಗುತ್ತದೆ. ಅಷ್ಟು ಹಣಕ್ಕೆ ನೂರು ದಿನಗಳಿಗೆ 1,500 ರೂಪಾಯಿ ಬಡ್ಡಿಯಾದರೆ, ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ನೂರನ್ನೂ ಮೀರುತ್ತದೆ. ‘ದಿನಕ್ಕೆ ನೂರು ರೂಪಾಯಿ ತಾನೆ’ ಎಂಬ ಮಾತಿನೊಳಗೆ ಇಷ್ಟು ದೊಡ್ಡ ಭಾರ ಅಡಗಿದೆ.

ಸಾಲದಿಂದ ಬಿಡುಗಡೆ ಹೊಂದುವ ಕ್ರಮವನ್ನು ತಿಳಿಯಲು ಹಲಸೂರಿನ ಒಂದು ಕುಟುಂಬವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನ ದರ್ಜಿ. ಅವನ ಹೆಂಡತಿ ಹೂ ಕಟ್ಟಿ ಮಾರುತ್ತಾಳೆ. ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಇಬ್ಬರೂ ದುಡಿದರೂ ತಿಂಗಳ ಕೊನೆಗೆ ಕೈ ಬರಿದಾಗುತ್ತದೆ. ಸಂಜೆಯಾಗುತ್ತಲೇ ಕಂತಿನವನು ಅಂಗಡಿಯ ಮುಂದೆ ಬಂದು ನಿಲ್ಲುತ್ತಾನೆ. ಹಣವಿಲ್ಲದ ದಿನ ದರ್ಜಿಯು ಹೊತ್ತಿಗೆ ಮುಂಚೆಯೇ ಬಾಗಿಲೆಳೆದು ಮನೆಗೆ ಹೋಗುತ್ತಾನೆ. ಅದರಿಂದ ಆ ದಿನದ ಗಳಿಕೆಯೂ ಕುಗ್ಗುತ್ತದೆ.

ಇಂಥ ಮನೆಯಲ್ಲಿ ಮೊದಲು ನಡೆಯಬೇಕಾದ ಕೆಲಸ ಹಣ ಹೊಂದಿಸುವುದಲ್ಲ, ಪಟ್ಟಿ ಬರೆಯುವುದು. ಯಾರಿಗೆ ಕೊಡಬೇಕು, ಅಸಲು ಎಷ್ಟು, ಬಡ್ಡಿಯ ದರ ಎಷ್ಟು, ಕಟ್ಟಬೇಕಾದ ದಿನ ಯಾವುದು, ಪತ್ರ ಅಥವಾ ರಸೀದಿ ಇದೆಯೇ, ಈ ಐದು ಪ್ರಶ್ನೆಗಳಿಗೆ ಪ್ರತಿಯೊಂದು ಸಾಲದ ಎದುರಿಗೂ ಉತ್ತರವಿರಬೇಕು. ಒಂದು ರಾತ್ರಿ ಊಟವಾದ ಮೇಲೆ ಮಗಳು ತನ್ನ ಹಳೆಯ ನೋಟುಪುಸ್ತಕದ ಉಳಿದ ಹಾಳೆಯಲ್ಲಿ ಗೆರೆ ಎಳೆದು ಬರೆಯತೊಡಗುತ್ತಾಳೆ. ದಿನಗಂತಿನ ಸಾಲದಲ್ಲಿ ಇನ್ನು ನಲವತ್ತು ದಿನಗಳ ಬಾಕಿ 4,000 ರೂಪಾಯಿ. ತಾಯಿಯ ಬಳೆಗಳನ್ನು ಗಿರವಿಯಿಟ್ಟು ತಂದ ಸಾಲ 30,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂವರೆ. ಸೋದರಮಾವನು ಬಡ್ಡಿಯಿಲ್ಲದೆ ಕೊಟ್ಟದ್ದು 15,000 ರೂಪಾಯಿ. ಇಷ್ಟೇ ಎಂದು ತಾಯಿಯು ಹೇಳುವಾಗ ತಂದೆಯು ತಲೆ ತಗ್ಗಿಸಿ ಇನ್ನೊಂದನ್ನು ಹೇಳುತ್ತಾನೆ. ಎರಡು ವರ್ಷಗಳ ಹಿಂದೆ ಪರಿಚಯದವನೊಬ್ಬನಿಂದ ತಂದ ಕೈಸಾಲ 20,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಮನೆಯವರಿಗೆ ಅದು ತಿಳಿದಿರಲಿಲ್ಲ. ತಿಂಗಳಿಗೆ ಸಾವಿರದಂತೆ ಈಗಾಗಲೇ 24,000 ರೂಪಾಯಿ ಬಡ್ಡಿ ಸಂದಿದೆ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ.

ಮುಚ್ಚಿಟ್ಟ ಸಾಲವೇ ಎಲ್ಲಕ್ಕಿಂತ ಅಪಾಯಕರವಾದ ಸಾಲ. ನಾಚಿಕೆಯಿಂದ ಮುಚ್ಚಿಡುವವನು ಯಾರ ಸಲಹೆಯನ್ನೂ ಕೇಳಲಾರ. ಹೆಚ್ಚಿನ ಬಡ್ಡಿಗೂ ಒಪ್ಪಿಕೊಳ್ಳುತ್ತಾನೆ. ಪಟ್ಟಿಯಲ್ಲಿ ಬರೆದಾಗ ಒಟ್ಟು ಮೊತ್ತ 69,000 ರೂಪಾಯಿ ಎಂದು ಕಾಣುತ್ತದೆ. ಸಂಖ್ಯೆ ದೊಡ್ಡದು, ಆದರೆ ಅದಕ್ಕೆ ಈಗ ಒಂದು ಅಂಚು ಬಂದಿತು. ಅಳತೆ ತಿಳಿಯದ ಭಯಕ್ಕಿಂತ ಅಳತೆ ತಿಳಿದ ಭಾರವು ಹೊರಲು ಸುಲಭ.

ಎರಡನೆಯ ಕೆಲಸ ತಿಂಗಳ ಆಯವ್ಯಯವನ್ನು ಬರೆಯುವುದು. ಅಕ್ಕಿ, ಬಾಡಿಗೆ, ವಿದ್ಯುತ್ತು, ಶಾಲೆ ಮುಂತಾದ ಬಿಡಲಾಗದ ವೆಚ್ಚಗಳು ಒಂದು ಕಡೆ. ತಗ್ಗಿಸಬಹುದಾದ ವೆಚ್ಚಗಳು ಇನ್ನೊಂದು ಕಡೆ. ಈ ಕುಟುಂಬವು ದಿನಗಂತಿಗೆ ತಿಂಗಳಿಗೆ 3,000, ಕೈಸಾಲದ ಬಡ್ಡಿಗೆ 1,000, ಗಿರವಿಯ ಬಡ್ಡಿಗೆ 450, ಒಟ್ಟು 4,450 ರೂಪಾಯಿಗಳನ್ನು ಆಗಲೇ ಕಟ್ಟುತ್ತಿದೆ. ಸಣ್ಣಪುಟ್ಟ ಖರ್ಚುಗಳನ್ನು ಬಿಗಿಹಿಡಿದರೆ ಇನ್ನು 550 ರೂಪಾಯಿ ಉಳಿಯುತ್ತದೆ. ಸಾಲಕ್ಕೆಂದು ತಿಂಗಳಿಗೆ 5,000 ರೂಪಾಯಿಗಳನ್ನು ಮೀಸಲಿಡುವುದೆಂದೂ, ಕೊನೆಯ ಸಾಲ ತೀರುವವರೆಗೆ ಈ ಮೊತ್ತವನ್ನು ಇಳಿಸಬಾರದೆಂದೂ ಮೂವರೂ ಒಪ್ಪುತ್ತಾರೆ.

ಮೂರನೆಯ ಕೆಲಸ ಸಾಲಗಳಿಗೆ ಸರದಿಯನ್ನು ಗೊತ್ತುಮಾಡುವುದು. ಇದಕ್ಕೆ ಎರಡು ರೀತಿಗಳುಂಟು. ಅತಿ ಚಿಕ್ಕ ಸಾಲವನ್ನು ಮೊದಲು ತೀರಿಸಿದರೆ ಮನಸ್ಸಿಗೆ ಬೇಗ ಧೈರ್ಯ ಬರುತ್ತದೆ. ಅತಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿದರೆ ಹಣ ಹೆಚ್ಚು ಉಳಿಯುತ್ತದೆ. ಇಲ್ಲಿ ದಿನಗಂತಿನ ಸಾಲವು ನಲವತ್ತು ದಿನಗಳಲ್ಲಿ ತಾನಾಗಿಯೇ ಮುಗಿಯುತ್ತದೆ. ಮುಗಿದ ದಿನವೇ ಮತ್ತೊಂದು ಸಾಲವನ್ನು ಕೊಡುವೆನೆಂದು ಕಂತಿನವನು ಹೇಳಿಯೇ ಹೇಳುತ್ತಾನೆ. ಆಗ ಬೇಡವೆನ್ನುವುದೇ ಈ ಯೋಜನೆಯ ಅತ್ಯಂತ ಕಠಿಣವಾದ ಘಟ್ಟ. ಹಾಗೆ ಹೇಳಬಲ್ಲ ಧೈರ್ಯ ಬರಬೇಕಾದರೆ ಆಪತ್ತಿಗೆಂದು ತುಸು ಹಣವಿರಬೇಕು. ಆದ್ದರಿಂದ ಆ ನಲವತ್ತು ದಿನಗಳಲ್ಲಿ ಉಳಿಸಿದ ಚಿಲ್ಲರೆಯನ್ನು ತಾಯಿಯು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಡುತ್ತಾಳೆ.

ಇನ್ನು ಮುಂದೆ ತಿಂಗಳ 5,000 ರೂಪಾಯಿಗಳಲ್ಲಿ ಗಿರವಿಯ ಬಡ್ಡಿ 450 ರೂಪಾಯಿ ಹೋಗಿ, ಉಳಿದ 4,550 ರೂಪಾಯಿ ಪೂರ್ತಿಯಾಗಿ ಕೈಸಾಲಕ್ಕೆ ಸಲ್ಲುತ್ತದೆ. ಮೊದಲ ತಿಂಗಳು 1,000 ರೂಪಾಯಿ ಬಡ್ಡಿಗೂ 3,550 ರೂಪಾಯಿ ಅಸಲಿಗೂ ಹೋಗಿ ಅಸಲು 16,450ಕ್ಕೆ ಇಳಿಯುತ್ತದೆ. ಅಸಲು ಇಳಿದಂತೆ ಬಡ್ಡಿಯೂ ಇಳಿಯುವುದರಿಂದ ಎರಡನೆಯ ತಿಂಗಳು ಅಸಲಿಗೆ ಸಲ್ಲುವ ಭಾಗ ಇನ್ನೂ ಹೆಚ್ಚು. ಹೀಗೆ ಆರನೆಯ ತಿಂಗಳಿಗೆ ಕೈಸಾಲ ಪೂರ್ತಿ ತೀರುತ್ತದೆ. ಎರಡು ವರ್ಷಗಳಲ್ಲಿ 24,000 ರೂಪಾಯಿ ಬಡ್ಡಿ ತೆತ್ತರೂ ಅಲುಗದಿದ್ದ ಸಾಲ ಸುಮಾರು 3,150 ರೂಪಾಯಿ ಬಡ್ಡಿಯಲ್ಲಿ ಮುಗಿಯಿತು. ಬಳಿಕ ಅದೇ ಹಣವು ಗಿರವಿಯ ಸಾಲದ ಕಡೆಗೆ ತಿರುಗುತ್ತದೆ. ಅಸಲನ್ನು ಭಾಗಭಾಗವಾಗಿ ಸ್ವೀಕರಿಸುವುದಾದರೆ ಹನ್ನೆರಡನೆಯ ತಿಂಗಳಿಗೆ ಬಳೆಗಳು ಮನೆಗೆ ಮರಳುತ್ತವೆ. ಹದಿನೈದನೆಯ ತಿಂಗಳಿಗೆ ಸೋದರಮಾವನ ಹಣವೂ ಸಂದುಹೋಗುತ್ತದೆ.

ಬಡ್ಡಿಯಿಲ್ಲದ ಸಾಲವನ್ನು ಕೊನೆಗೆ ಇಟ್ಟುದು ಲೆಕ್ಕಕ್ಕೆ ಸರಿ. ಆದರೆ ಸಂಬಂಧಕ್ಕೆ ಅಷ್ಟೇ ಸಾಲದು. ‘ನಿನ್ನ ಹಣಕ್ಕೆ ಒಂದು ವರ್ಷದ ಮೇಲೆ ಕೈಹಾಕುತ್ತೇವೆ, ಅಲ್ಲಿಯವರೆಗೆ ತಾಳಬೇಕು’ ಎಂದು ತಂಗಿಯು ಅಣ್ಣನಿಗೆ ಪಟ್ಟಿಯನ್ನು ತೋರಿಸಿಯೇ ಹೇಳಬೇಕು. ಮೌನದಿಂದ ಮುರಿಯುವ ನಂಟು ಮಾತಿನಿಂದ ಉಳಿಯುತ್ತದೆ. ನಡುವೆ ಕಾಯಿಲೆ ಬಂದರೆ ಯೋಜನೆ ಒಂದೆರಡು ತಿಂಗಳು ಹಿಂದೆ ಸರಿಯಬಹುದು. ಹಿಂದೆ ಸರಿದ ಯೋಜನೆ ಕೆಟ್ಟ ಯೋಜನೆಯಲ್ಲ. ಪಟ್ಟಿಯನ್ನು ತಿದ್ದಿ ಮತ್ತೆ ಮುಂದುವರಿಯಬೇಕು. ಹೆಚ್ಚು ಬಡ್ಡಿಯ ಸಾಲವನ್ನು ಬ್ಯಾಂಕು ಅಥವಾ ಸಹಕಾರ ಸಂಘದ ಕಡಿಮೆ ಬಡ್ಡಿಯ ಸಾಲದಿಂದ ತೀರಿಸುವ ದಾರಿಯೂ ಉಂಟು. ಆದರೆ ಹೀಗೆ ಮಾಡಿದವರು ಹಳೆಯ ಬಾಗಿಲನ್ನು ಮತ್ತೆ ತಟ್ಟಬಾರದು.

ಸಾಲಗಾರನಿಗೆ ಕರ್ತವ್ಯವಿರುವಂತೆ ಹಕ್ಕುಗಳೂ ಇವೆ. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ ‘ದಾಮದುಪಟ್’ ಎಂಬ ನಿಯಮವು ನಮ್ಮ ದೇಶದ ಪ್ರಾಚೀನ ಧರ್ಮಶಾಸ್ತ್ರದಲ್ಲಿಯೇ ಇದೆ. ಕರ್ನಾಟಕದಲ್ಲಿ ಲೇವಾದೇವಿ ನಡೆಸುವವರು ಪರವಾನಗಿ ಪಡೆಯಬೇಕೆಂದು 1961ರ ಕಾನೂನು ವಿಧಿಸುತ್ತದೆ. 1976ರಲ್ಲಿ ಸಣ್ಣ ರೈತರು, ಭೂಹೀನ ಕೂಲಿಗಾರರು ಮತ್ತು ದುರ್ಬಲ ವರ್ಗದವರಿಗೆ ಋಣಪರಿಹಾರ ನೀಡುವ ಕಾನೂನು ಬಂದಿತು. ವಿಪರೀತ ಬಡ್ಡಿಯನ್ನು 2004ರ ಕಾನೂನು ನಿಷೇಧಿಸಿತು. ಕಿರುಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ರಾಜ್ಯವು 2025ರಲ್ಲಿ ಮತ್ತೊಂದು ಕಾನೂನನ್ನು ತಂದಿತು. ನ್ಯಾಯಾಲಯದ ತೀರ್ಪಾದರೂ ಕುಶಲಕರ್ಮಿಯ ಉಪಕರಣಗಳನ್ನೂ ಅಡುಗೆಯ ಪಾತ್ರೆಗಳನ್ನೂ ಜಪ್ತಿ ಮಾಡುವಂತಿಲ್ಲವೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆದ್ದರಿಂದ ಬೆದರಿಕೆಗೆ ಹೆದರಿ ಓಡುವುದಾಗಲಿ, ಪ್ರಾಣಕ್ಕೆ ಎರವಾಗುವುದಾಗಲಿ ಸರ್ವಥಾ ಸಲ್ಲದು. ಯಾವ ಸಾಲವೂ ಮನುಷ್ಯನ ಬದುಕಿಗಿಂತ ದೊಡ್ಡದಲ್ಲ.

ಒಬ್ಬೊಬ್ಬರಿಂದ ಆಗದ ಕೆಲಸವು ಹಲವರು ಕೂಡಿದರೆ ಆಗುತ್ತದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1875ರಲ್ಲಿ ಪುಣೆ ಪ್ರಾಂತದ ರೈತರು ಸಾಲದ ಹೊರೆಯನ್ನು ತಾಳಲಾರದೆ ಲೇವಾದೇವಿಗಾರರ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಸುಟ್ಟುಹಾಕಿದರು. ಪುಸ್ತಕ ಸುಟ್ಟರೂ ಸಾಲದ ಅಗತ್ಯ ಸುಡಲಿಲ್ಲ. ಜರ್ಮನಿಯಲ್ಲಿ ರೈಫೈಸೆನ್ ಎಂಬವನು ಹಳ್ಳಿಗರನ್ನೇ ಒಗ್ಗೂಡಿಸಿ ಪರಸ್ಪರ ಸಾಲದ ಸಂಘಗಳನ್ನು ಕಟ್ಟಿದ್ದನು. ಅಂಥ ಸಂಘಗಳು ಇಲ್ಲಿಗೂ ಬೇಕೆಂದು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ವರದಿ ಕೊಟ್ಟನು. 1904ರಲ್ಲಿ ಸಹಕಾರ ಸಂಘಗಳ ಕಾನೂನು ಜಾರಿಗೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲ ಪಡೆಯುವವನು ಯಾರು, ಯಾವ ಕೆಲಸಕ್ಕೆ ಪಡೆಯುತ್ತಾನೆ ಎಂಬುದು ಇಂಥ ಸಂಘದಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ದರ್ಜಿಯ ಮನೆಯಲ್ಲಿ ಒಂದು ಹಾಳೆ ಮಾಡಿದ ಕೆಲಸವನ್ನು ಊರಿನಲ್ಲಿ ಸಂಘದ ಲೆಕ್ಕಪುಸ್ತಕ ಮಾಡಿತು: ಮುಚ್ಚಿಟ್ಟದ್ದನ್ನು ಬೆಳಕಿಗೆ ತಂದಿತು.

ಸಾಲ ತೀರಿದ ಮೇಲೆ ದಿನದ ನೂರು ರೂಪಾಯಿ ಎಲ್ಲಿಗೆ ಹೋಗಬೇಕು? ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕೊಂದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೇ ಬಂದು ದಿನದಿನದ ಚಿಲ್ಲರೆ ಹಣವನ್ನು ಸಂಗ್ರಹಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಅದು ಕಲಿಸಿದ ಪಾಠ ಉಳಿದಿದೆ. ದಿನಗಂತಿಗೂ ಪಿಗ್ಮಿಗೂ ಕೊಡುವ ಕೈ ಒಂದೇ, ಕೊಡುವ ಹಣವೂ ಒಂದೇ. ಒಂದರಲ್ಲಿ ಅದು ಪರರ ಪೆಟ್ಟಿಗೆಯನ್ನು ತುಂಬುತ್ತದೆ, ಇನ್ನೊಂದರಲ್ಲಿ ತನ್ನ ನಾಳೆಯನ್ನು ಕಾಯುತ್ತದೆ. ಹದಿನಾರನೆಯ ತಿಂಗಳ ಮೊದಲ ಸಂಜೆ ಹಲಸೂರಿನ ಆ ದರ್ಜಿಯು ದೀಪ ಹಚ್ಚಿ, ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊತ್ತಾಗುವವರೆಗೂ ಹೊಲಿಯುತ್ತ ಕುಳಿತುಕೊಳ್ಳಬಲ್ಲನು.