ಎರಡನೆಯ ಗಿರಾಕಿ

ಚಾಮರಾಜನಗರದ ಚೆನ್ನೀಪುರದಮೋಳೆಯ ಹೂವಿನ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಹಬ್ಬದ ಮುನ್ನಾದಿನ ಆಕಾಶಕ್ಕೇರಿದ್ದ ಕನಕಾಂಬರ ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ನೆಲಕ್ಕಿಳಿಯುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯದೂ ಅದೇ ಕತೆ. ಕೇರಳದ ಕಡೆಗೆ ಹೋಗುವ ಲಾರಿ ಒಂದು ದಿನ ಬರಲಿಲ್ಲವೆಂದರೆ ಬೀನ್ಸಿನ ಬೆಲೆ ಮಧ್ಯಾಹ್ನದೊಳಗೆ ಬೀಳುತ್ತದೆ. ರೈತ ಬೈದುಕೊಳ್ಳುತ್ತಾನೆ, ಆದರೂ ಮಾರಿಯೇ ಮನೆಗೆ ಹೋಗುತ್ತಾನೆ. ಬಾಡಿದ ಹೂವನ್ನೂ ಕೊಳೆತ ಟೊಮೆಟೊವನ್ನೂ ಇಟ್ಟುಕೊಂಡು ಕಾಯಲು ಆಗುವುದಿಲ್ಲವಲ್ಲ.

ಮನೆ ಬಾಡುವುದಿಲ್ಲ. ಇಡೀ ತಾಪತ್ರಯ ಶುರುವಾಗುವುದು ಅಲ್ಲಿಂದಲೇ.

ಮಾರುಕಟ್ಟೆ ಮಂಕಾದಾಗ ಮೂವತ್ತು ಲಕ್ಷದ ಮನೆ ಹೇಗೋ ಕೈ ಬದಲಾಯಿಸುತ್ತದೆ. ಊರಲ್ಲೇ ದೊಡ್ಡದೆನಿಸಿಕೊಂಡ, ಮುಂದೆ ಎತ್ತರದ ಕಂಬ, ಒಳಗೆ ಇಟಾಲಿಯನ್ ಮಾರ್ಬಲ್ ಇರುವ ಮನೆಗೆ ಗಿರಾಕಿ ಸಿಗುವುದಿಲ್ಲ. ಅದರ ಬೆಲೆ ಬಿದ್ದಿದೆಯೆಂದು ಮಾಲೀಕ ಒಪ್ಪುವುದಿಲ್ಲ, ಬಿದ್ದಿಲ್ಲವೆಂದು ದಲ್ಲಾಳಿ ನಂಬುವುದಿಲ್ಲ. ಹಾಗಾದರೆ ದುಬಾರಿ ಮನೆಯ ಬೆಲೆ ನಿಜವಾಗಿ ಎಲ್ಲಿದೆ? ಈ ಅಧ್ಯಾಯ ಹುಡುಕುವುದು ಅದನ್ನು.

ಮೊದಲು ಹರಾಜಿನ ಕಟ್ಟೆಯ ಮೇಲೆ ನಿಂತು ನೋಡಬೇಕು. ಒಂದು ವಸ್ತುವಿಗೆ ಒಬ್ಬ ನೂರು ರೂಪಾಯಿವರೆಗೂ ಕೊಡಲು ಸಿದ್ಧ, ಇನ್ನೊಬ್ಬ ಅರವತ್ತರವರೆಗೆ. ಮಾಲು ಹೋಗುವುದು ನೂರಕ್ಕಲ್ಲ, ಅರವತ್ತೊಂದಕ್ಕೆ. ಎರಡನೆಯವನು ಕೈಬಿಟ್ಟ ಕೂಡಲೇ ಮೊದಲನೆಯವನು ನಿಲ್ಲಿಸುತ್ತಾನೆ. ಹರಾಜಿನ ಈ ತರ್ಕವನ್ನು 1961ರಲ್ಲಿ ಗಣಿತದಲ್ಲಿ ಬಿಡಿಸಿಟ್ಟ ವಿಲಿಯಂ ವಿಕ್ರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ತೆರಕಣಾಂಬಿಯ ಮಂಡಿಯವರಿಗೆ ಆ ಗಣಿತ ಬೇಕಿಲ್ಲ. ಬೆಲೆ ನಿಲ್ಲಿಸುವವನು ಎರಡನೆಯ ಗಿರಾಕಿ ಎಂಬುದು ಅವರಿಗೆ ದಿನದ ಅನುಭವ.

ಸಣ್ಣ ಮನೆಗೆ ಆ ಎರಡನೆಯವನು ಯಾವಾಗಲೂ ಇರುತ್ತಾನೆ. ಮೇಷ್ಟ್ರು, ನರ್ಸು, ಅಂಗಡಿಯವರು, ಮಗಳ ಮದುವೆಗೆ ಮುಂಚೆ ಪೇಟೆಯಲ್ಲೊಂದು ಸೂರು ಮಾಡಿಕೊಳ್ಳೋಣವೆನ್ನುವ ಹಳ್ಳಿಯ ರೈತ. 2011ರ ಜನಗಣತಿಯಲ್ಲಿ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ, ಗುಂಡ್ಲುಪೇಟೆಯದು ಸುಮಾರು 28 ಸಾವಿರ. ಇಂಥ ಊರಲ್ಲಿ ಕೋಟಿ ದಾಟಿದ ಮನೆಗೆ ಕೈ ಹಾಕಬಲ್ಲವರನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ಎಣಿಸಿಬಿಡಬಹುದು. ಆ ನಾಲ್ಕೈದು ಜನರೂ ಆಗಲೇ ಸ್ವಂತ ಮನೆ ಕಟ್ಟಿಕೊಂಡಿರುತ್ತಾರೆ. "ಬುದ್ಧಿ, ಈ ಮನ ತಕೊಳ್ಳೋ ತಾಕತ್ತಿರೋರೆಲ್ಲ ನಿಮ್ಮ ಗೃಹಪ್ರವೇಶಕ್ಕೆ ಬಂದು ಉಂಡು ಹೋಗವ್ರ" ಎಂದು ದಲ್ಲಾಳಿಯೊಬ್ಬ ನಗುತ್ತಾ ಹೇಳಿದರೆ ಅದರೊಳಗೆ ಅರ್ಧ ಅರ್ಥಶಾಸ್ತ್ರ ಮುಗಿದಂತೆ.

ಈ ಕಷ್ಟ ಸಣ್ಣ ಊರಿಗಷ್ಟೇ ಅಂಟಿದ್ದಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದ ವಸೂಲಿಗಾಗಿ ಬ್ಯಾಂಕುಗಳು ವಿಜಯ ಮಲ್ಯ ಅವರ ಗೋವಾದ ಕಾಂಡೋಲಿಮ್‌ನಲ್ಲಿದ್ದ ಕಿಂಗ್‌ಫಿಷರ್ ವಿಲ್ಲಾವನ್ನು 2016ರ ಅಕ್ಟೋಬರ್‌ನಲ್ಲಿ ಹರಾಜಿಗಿಟ್ಟವು. ಕನಿಷ್ಠ ಬೆಲೆ 85.29 ಕೋಟಿ ರೂಪಾಯಿ. ಯಾರೂ ಬರಲಿಲ್ಲ. ಡಿಸೆಂಬರ್‌ನಲ್ಲಿ 81 ಕೋಟಿ ಎಂದರು, ಆಗಲೂ ಇಲ್ಲ. ಮಾರ್ಚ್‌ನಲ್ಲಿ 73 ಕೋಟಿಗೆ ಇಳಿಸಿದರು, ಹರಾಜು ಮತ್ತೆ ಬಿದ್ದುಹೋಯಿತು. ಕೊನೆಗೆ 2017ರ ಏಪ್ರಿಲ್‌ನಲ್ಲಿ ಮಾತುಕತೆಯ ಮೂಲಕ 73.01 ಕೋಟಿಗೆ ಹೋಯಿತು. ಆ ಬಾಲದ 0.01 ಕೋಟಿಯನ್ನು, ಅಂದರೆ ಒಂದು ಲಕ್ಷವನ್ನು, ಗಮನಿಸಬೇಕು. ಪೈಪೋಟಿಗೆ ಇನ್ನೊಬ್ಬನಿದ್ದಿದ್ದರೆ ಅಂಕಿ ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಅದೇ ಸಾಲಕ್ಕೆ ಸೇರಿದ ಮುಂಬೈನ ಕಿಂಗ್‌ಫಿಷರ್ ಹೌಸ್ ಮನೆಯಲ್ಲ, ಕಚೇರಿ. ಅದರ ಕತೆ ಇನ್ನೂ ದಾರುಣ. 2016ರಲ್ಲಿ 150 ಕೋಟಿಯಿಂದ ಹೊರಟ ಕನಿಷ್ಠ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2021ರಲ್ಲಿ ಕಟ್ಟಡ ಮಾರಾಟವಾದದ್ದು 52.25 ಕೋಟಿಗೆ.

ಗಿರಾಕಿ ಕಡಿಮೆಯಾಗುವುದಕ್ಕೆ ಬ್ಯಾಂಕಿನ ನಿಯಮದ ಕಾಣಿಕೆಯೂ ಉಂಟು. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದರಾಚೆಗೆ ಶೇ 75. ಗುಂಡ್ಲುಪೇಟೆಯಲ್ಲಿ ಲೆಕ್ಕಕ್ಕಾಗಿ 1.3 ಕೋಟಿಯ ಮನೆಯೊಂದನ್ನು ಇಟ್ಟುಕೊಳ್ಳೋಣ. ಸಾಲ ಹೆಚ್ಚೆಂದರೆ 97.5 ಲಕ್ಷ. ಉಳಿದ 32.5 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ, ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ ಹತ್ತಿರ ಹತ್ತಿರ 10 ಲಕ್ಷ ಬೇರೆ. ಶೇ 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳ ಕಂತು 84 ಸಾವಿರ ದಾಟುತ್ತದೆ. ಇಷ್ಟು ಕಂತು ಕಟ್ಟುವ ಸಂಬಳದವರು ತಾಲ್ಲೂಕು ಕೇಂದ್ರದಲ್ಲಿ ಎಷ್ಟು ಮಂದಿ? ಇರುವವರೂ ಮೈಸೂರಿನಲ್ಲಿ ಮನೆ ಮಾಡಿಕೊಂಡು 60 ಕಿಲೋಮೀಟರ್ ಓಡಾಡುತ್ತಾರೆ.

ಬಡ್ಡಿ ಏರಿದರಂತೂ ದೊಡ್ಡ ಸಾಲದ ಕಂತು ಇನ್ನೂ ಭಾರ. 2022ರ ಮೇಯಿಂದ 2023ರ ಫೆಬ್ರುವರಿವರೆಗಿನ ಹತ್ತು ತಿಂಗಳೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಹೋಯಿತು. ಅಮೆರಿಕದಲ್ಲಂತೂ ದೊಡ್ಡ ಸಾಲಕ್ಕೇ ಏಟು ಬಿದ್ದದ್ದುಂಟು. 2007ರ ಆಗಸ್ಟ್‌ನಲ್ಲಿ ಅಲ್ಲಿನ ಸಾಲದ ಮಾರುಕಟ್ಟೆ ಬಿಗಿದುಕೊಂಡಾಗ ಸರ್ಕಾರಿ ಬೆಂಬಲದ ಸಂಸ್ಥೆಗಳು ಕೊಳ್ಳುತ್ತಿದ್ದ 4,17,000 ಡಾಲರ್ ಒಳಗಿನ ಸಾಲ ಹೇಗೋ ನಡೆಯಿತು. ಅದಕ್ಕಿಂತ ದೊಡ್ಡದಾದ ‘ಜಂಬೊ’ ಸಾಲ ಮಾತ್ರ ದುಬಾರಿಯೂ ಆಯಿತು, ಅಪರೂಪವೂ ಆಯಿತು.

ಇನ್ನೊಂದು ಗುಟ್ಟು ಮನೆಯ ಹೊಟ್ಟೆಯಲ್ಲೇ ಇದೆ. ಮನೆಯೆಂದರೆ ಎರಡು ವಸ್ತು: ಕೆಳಗಿನ ನೆಲ, ಮೇಲಿನ ಕಟ್ಟಡ. ನೆಲಕ್ಕೆ ವಯಸ್ಸಾಗುವುದಿಲ್ಲ, ಕಟ್ಟಡಕ್ಕೆ ಆಗುತ್ತದೆ. ಮೇಲಿನ 1.3 ಕೋಟಿಯಲ್ಲಿ ಸೈಟಿನ ಪಾಲು 40 ಲಕ್ಷ, ಕಟ್ಟಡದ್ದು 90 ಲಕ್ಷ ಎನ್ನೋಣ. ಅದೇ ಕಟ್ಟಡವನ್ನು ಬೆಂಗಳೂರಿನ 3 ಕೋಟಿಯ ಸೈಟಿನಲ್ಲಿ ಕಟ್ಟಿದ್ದರೆ ಒಟ್ಟು ಬೆಲೆಯಲ್ಲಿ ಅದರ ಪಾಲು ಕಾಲು ಭಾಗಕ್ಕೂ ಕಡಿಮೆ. ಅಲ್ಲಿ ಕಟ್ಟಡ ಸವೆದದ್ದನ್ನು ನೆಲ ಏರಿದ್ದು ಮುಚ್ಚಿಹಾಕುತ್ತದೆ. ಗುಂಡ್ಲುಪೇಟೆಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಸವೆಯುವ ಸರಕೇ.

ಆ 90 ಲಕ್ಷದಲ್ಲೂ ಎಷ್ಟೋ ಖರ್ಚು ಕಟ್ಟಿಸಿದವನ ಖುಷಿಗೆ ಮಾಡಿದ್ದು. ದೇವರ ಮನೆಯ ಬಾಗಿಲಿಗೆ ತೇಗದಲ್ಲಿ ದಶಾವತಾರ ಕೆತ್ತಿಸಿದ್ದು, ಪಿಒಪಿ ಸೀಲಿಂಗಿನಲ್ಲಿ ನವಿಲು ಬಿಡಿಸಿದ್ದು, ಮೆಟ್ಟಿಲಿಗೆ ಹಿತ್ತಾಳೆ ಕಟಕಟೆ. ಚಾಮರಾಜನಗರದ ಕರಿಕಲ್ಲು ಸಮುದ್ರ ದಾಟಿ ಹೊರದೇಶಗಳ ಸಮಾಧಿಗೂ ಸೌಧಕ್ಕೂ ಹೋಗುತ್ತದೆ. ಆದರೆ ಈ ಮನೆಯ ಹಾಲಿಗೆ ಹಾಸಿದ್ದು ಇಟಲಿಯ ಬಿಳಿಕಲ್ಲು. ಇರಲಿ, ಅವರವರ ಹಣ. ಕೊಳ್ಳಲು ಬಂದವನು ಮಾತ್ರ ನವಿಲಿಗೆ ನಯಾಪೈಸೆ ಕೊಡುವುದಿಲ್ಲ. ಅವನು ಕೇಳುವುದು ಮೂರು: ಸೈಟು ಎಷ್ಟು ಅಗಲ, ಬೋರಿನಲ್ಲಿ ನೀರು ಉಂಟಾ, ಖಾತೆ ಸರಿಯಾಗಿದೆಯಾ?

ಮಾಲೀಕನ ಬಾಯಲ್ಲಿ ಬರುವುದು ಒಂದೇ ಮಾತು: "ಲಾಭ ಬೇಡ, ಹಾಕಿದ ಅಸಲು ಬಂದ್ರೆ ಸಾಕು." ಕೇಳಲು ಬಲು ವಿನಯದ ಮಾತು. ಗಿರಾಕಿಗಳನ್ನು ಓಡಿಸುವುದೂ ಇದೇ ಮಾತು. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬಾಸ್ಟನ್ ನಗರದ ಫ್ಲಾಟುಗಳ ಮಾರಾಟವನ್ನು ಜಾಲಾಡಿ 2001ರಲ್ಲಿ ಪ್ರಬಂಧ ಬರೆದರು. ಬೆಲೆ ಬಿದ್ದ ಕಾಲದಲ್ಲಿ, ತಾವು ಕೊಂಡದ್ದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಅಂಥದೇ ಫ್ಲಾಟಿನ ಉಳಿದವರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು. ಒಂದಿಷ್ಟು ಹೆಚ್ಚು ಗಿಟ್ಟುತ್ತಲೂ ಇತ್ತು, ಆದರೆ ಮಾರಾಟವಾಗಲು ಹೆಚ್ಚು ಕಾಲ ಹಿಡಿಯುತ್ತಿತ್ತು. ಅಸಲಿನ ಹಟಕ್ಕೆ ಬಾಸ್ಟನ್ ಆದರೇನು, ಬೇಗೂರು ಆದರೇನು.

ಹೀಗಾಗಿ ದುಬಾರಿ ಮನೆಯ ಇಳಿಕೆ ಮೊದಲು ಕಾಣುವುದು ರೂಪಾಯಿಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ಕಾಂಪೌಂಡಿನ ಮೇಲೆ ಬರೆಸಿದ ‘ಮನೆ ಮಾರಾಟಕ್ಕಿದೆ’ ಎರಡು ಮಳೆಗಾಲ ನೆನೆಯುತ್ತದೆ. ಬೆಲೆ ಇಳಿಸಿದೆನೆಂದು ಹೇಳಿಕೊಳ್ಳದೆ ಇಳಿಸುವ ಉಪಾಯಗಳು ಆಮೇಲೆ ಹೊರಬರುತ್ತವೆ. ಸೋಫಾ, ಬೀರು, ಯುಪಿಎಸ್ಸು ಸಮೇತ ಅದೇ ಬೆಲೆ. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ ಬಾಕಿಗೆ ಹನ್ನೊಂದು ತಿಂಗಳ ಗಡುವು. ಅರ್ಧ ದುಡ್ಡು, ಇನ್ನರ್ಧಕ್ಕೆ ಎರಡೆಕರೆ ಜಮೀನು. ಇವೆಲ್ಲ ರಿಯಾಯಿತಿಯೇ, ಕ್ರಯಪತ್ರದಲ್ಲಿ ಮಾತ್ರ ಕಾಣುವುದಿಲ್ಲ.

ಖಾಲಿ ಮನೆಗೆ ಅಷ್ಟರಲ್ಲಿ ಹೆಸರು ಕೆಟ್ಟಿರುತ್ತದೆ. "ಆ ಮನೆ ಆಗಿಬರಲ್ವಂತೆ." ಹೆಸರು ಕೆಡುವುದೆಂದರೇನೆಂದು ಚಾಮರಾಜನಗರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ಮಾತಿಗೆ ಅಂಜಿ ಎಷ್ಟೋ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದತ್ತ ತಲೆ ಹಾಕಲಿಲ್ಲ. 2013ರಲ್ಲಿ ಗೆದ್ದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದರು. ಮನೆಗೆ ಅಂಥ ಅದೃಷ್ಟ ಕಡಿಮೆ. ಗಿರಾಕಿ ಬಾರದಿದ್ದಕ್ಕೆ ವಾಸ್ತು ಸರಿಯಿಲ್ಲವೆನ್ನುತ್ತಾರೆ, ವಾಸ್ತು ಸರಿಯಿಲ್ಲವೆಂದು ಗಿರಾಕಿ ಬರುವುದಿಲ್ಲ.

ಬೆಲೆ ಇಳಿಯದಂತೆ ಸರ್ಕಾರದ ಕಾಗದವೂ ಒಂದು ಅಡ್ಡಗೋಡೆ ಹಾಕಿದೆ, ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ. ಕರ್ನಾಟಕ ಸರ್ಕಾರ 2022ರ ಜನವರಿಯಲ್ಲಿ ಇದನ್ನು ತಾತ್ಕಾಲಿಕವಾಗಿ ಶೇ 10 ಇಳಿಸಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಏರಿಸಿತು. ಒಂದು ಮನೆಯ ಮಾರ್ಗಸೂಚಿ ಬೆಲೆ ಕೋಟಿ, ಪೇಟೆಯಲ್ಲಿ ಸಿಗುವುದು 80 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಕೋಟಿಯ ಮೇಲೇ. ಆದಾಯ ತೆರಿಗೆಯವರ ದೃಷ್ಟಿಯಲ್ಲಿ ಮಾರಿದವನು ಕೋಟಿ ಪಡೆದಂತೆ. ವ್ಯತ್ಯಾಸ ಶೇ 10 ದಾಟಿದ್ದರಿಂದ ಕೊಂಡವನಿಗೂ 20 ಲಕ್ಷ ಆದಾಯ ಬಂದಂತೆ. ಮೌಲ್ಯಮಾಪನಕ್ಕೆ ಕೇಳಿಕೊಳ್ಳುವ ದಾರಿಯಿದೆ ನಿಜ, ಆದರೆ ಆ ಓಡಾಟಕ್ಕಿಂತ ಇನ್ನೊಂದು ವರ್ಷ ಕಾಯೋಣವೆನ್ನುವವರೇ ಹೆಚ್ಚು.

ಪತ್ರಿಕೆಯ ಸರಾಸರಿಗಳನ್ನು ನಂಬುವಾಗಲೂ ಒಂದು ಎಚ್ಚರ ಬೇಕು. ಈ ವರ್ಷ ಬಡಾವಣೆಯೊಂದರಲ್ಲಿ ಐದು ಮನೆ ಮಾರಾಟವಾದವು: 30, 35, 40, 45 ಲಕ್ಷ ಮತ್ತು 2 ಕೋಟಿ. ಸರಾಸರಿ 70 ಲಕ್ಷ. ಮರುವರ್ಷ ಮೊದಲ ನಾಲ್ಕರಂಥವು ಅದೇ ಬೆಲೆಗೆ ಹೋದವು, ದೊಡ್ಡದಕ್ಕೆ ಗಿರಾಕಿ ಇಲ್ಲ. ಸರಾಸರಿ 37.5 ಲಕ್ಷ! ಬೆಲೆ ಅರ್ಧಕ್ಕರ್ಧ ಕುಸಿಯಿತೆಂದು ತಲೆಬರಹ ಬರುತ್ತದೆ; ಒಂದು ಮನೆಯ ಬೆಲೆಯೂ ಇಳಿದಿರುವುದಿಲ್ಲ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದ ಹತ್ತು ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರೊಂದೇ. ಅದಕ್ಕೂ ಆಧಾರ ನೋಂದಣಿಯಾದ ಪತ್ರಗಳು. ಕ್ರಯಪತ್ರದ ಬೆಲೆಯೇ ಬೇರೆ, ಕೈಗೆ ಕೈ ಸೇರಿದ ಬೆಲೆಯೇ ಬೇರೆ ಎಂಬುದು 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಊರೂರಿನಲ್ಲಿ ತಿಳಿದುಹೋಯಿತು. ಕಪ್ಪಿನ ಪಾಲು ದೊಡ್ಡದಿದ್ದ ದೊಡ್ಡ ವ್ಯವಹಾರಗಳೇ ಮೊದಲು ನಿಂತವು.

ಗಡಿಯ ಈ ಎರಡು ಊರುಗಳ ಏರಿಳಿತಕ್ಕೆ ಬೆಂಗಳೂರಿನ ಸೂಚ್ಯಂಕಕ್ಕಿಂತ ಅರಿಶಿನವೇ ಒಳ್ಳೆಯ ಮಾಪಕ. 2010-11ರ ಸುಗ್ಗಿಯಲ್ಲಿ ಕ್ವಿಂಟಲ್‌ಗೆ 15 ಸಾವಿರ ದಾಟಿದ್ದ ಅರಿಶಿನ 2012ರ ಹೊತ್ತಿಗೆ 4 ಸಾವಿರದ ಆಸುಪಾಸಿಗೆ ಬಿದ್ದಿತ್ತು. ಈರೋಡಿನ ಮಂಡಿಯಲ್ಲಿ ಬೆಲೆ ಬಿದ್ದರೆ ಇಲ್ಲಿ ಅರ್ಧಕ್ಕೆ ನಿಂತ ಮಹಡಿಯ ಕಂಬಿಗಳು ತುಕ್ಕು ಹಿಡಿಯುತ್ತವೆ. ಗುಂಡ್ಲುಪೇಟೆಗೆ ಇನ್ನೂ ಒಂದು ಮಾಪಕವಿದೆ, ಕಾಡು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2012ರ ಅಕ್ಟೋಬರ್‌ನಲ್ಲಿ ಕಾಡಿನ ಅಂಚು ಪರಿಸರ ಸೂಕ್ಷ್ಮ ವಲಯವಾಯಿತು, ಹೊಸ ರೆಸಾರ್ಟುಗಳಿಗೆ ಕಡಿವಾಣ ಬಿತ್ತು. ಇತ್ತ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಗೋಪಾಲಸ್ವಾಮಿ ಬೆಟ್ಟದ ಮಂಜು ಕಾಣುವ ತೋಟದ ಮನೆಗೆ ಇದರಿಂದ ಬೆಂಗಳೂರು, ಮೈಸೂರಿನ ಗಿರಾಕಿಗಳು ಸಿಗುವಂತಾಯಿತು. ಆದರೆ ಅದೇ ಗಿರಾಕಿ ಪೇಟೆಯೊಳಗಿನ ಎತ್ತರದ ಕಂಬದ ಬಂಗಲೆಯತ್ತ ತಿರುಗಿಯೂ ನೋಡುವುದಿಲ್ಲ. ಅವನಿಗೆ ಬೇಕಾದದ್ದು ಹಂಚಿನ ಮಾಡು, ನಡುವೆ ತೊಟ್ಟಿ, ಸುತ್ತ ಮರದ ಕಂಬ.

ಆ ಕಂಬಗಳು ಬರುವುದೂ ಇಲ್ಲಿನ ಹಳ್ಳಿಗಳಿಂದಲೇ. ಒಂದು ಕಾಲದಲ್ಲಿ ಊರಿಗೇ ದೊಡ್ಡದಾಗಿದ್ದ ತೊಟ್ಟಿಮನೆ ಅಣ್ಣತಮ್ಮಂದಿರ ನಡುವೆ ನಾಲ್ಕು ಪಾಲಾಗಿ, ಇಡಿಯಾಗಿ ಕೊಳ್ಳುವವರಿಲ್ಲದೆ, ಕೊನೆಗೆ ಬಿಡಿಬಿಡಿಯಾಗಿ ಹೋಗುತ್ತದೆ. ಹಳೇ ಮರದ ವ್ಯಾಪಾರಿ ಟೆಂಪೊ ತಂದು ನಿಲ್ಲಿಸುತ್ತಾನೆ. ಮನೆಗೆ ಚೌಕಾಸಿ ಇಲ್ಲ, ಮರಕ್ಕೆ ಮಾತ್ರ. ಬಾಗಿಲವಾಡಕ್ಕೊಂದು ರೇಟು, ಕಂಬಕ್ಕೊಂದು, ಜಂತೆಗೆ ಅಡಿ ಲೆಕ್ಕ. ಹೆಂಚು ಇಳಿಸುವಾಗ ಧೂಳಿನ ಜೊತೆ ಹಳೇ ಪಂಚಾಂಗದ ಹಾಳೆಗಳೂ ಉದುರುತ್ತವೆ. ಮಧ್ಯಾಹ್ನದ ಹೊತ್ತಿಗೆ ಕಂಬಗಳು ಟೆಂಪೊದಲ್ಲಿ ಅಡ್ಡಡ್ಡ ಮಲಗಿರುತ್ತವೆ. ಜೊತೆಗಿರುವ ತೊಲೆಯೊಂದರಲ್ಲಿ ತೊಟ್ಟಿಲು ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿ ಹಾಗೇ ಉಳಿದಿದೆ. ಕೀಳಬೇಡಿ ಎನ್ನುತ್ತಾನೆ ವ್ಯಾಪಾರಿ, ಕೊಂಡಿ ಇದ್ದರೆ ಇನ್ನೂ ಸಾವಿರ ಜಾಸ್ತಿ ಬರುತ್ತದೆ.